ಒಂದೇ ಪುಟದ ಓದು ಮತ್ತು ಅಪ್ಪನ ಬೆನ್ನು

ಹತ್ತು ಮಂದಿ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಒಟ್ಟಿಗೆ ಕೂತು ತಿಕ್ಕಿದರೂ ಮುಗಿಯುವುದಿಲ್ಲ, ಮುಗಿಯಿತು ಎಂದವರಿಗೆ ಬೈಗುಳ ಸಿಗುತ್ತದೆ. ಎಂತದು ಹೇಳಿ? ತಲೆ ಕೆಡಿಸಿಕೊಳ್ಳಬೇಡಿ, ನಿಮಗೆ ಬರುವುದಿಲ್ಲ. ಅದು ಮಣಿಪಾಲದಲ್ಲಿ ನನ್ನ ಅಕ್ಕ ಓದುವ ಪುಸ್ತಕದ ಒಂದು ಪುಟ.

ಅಕ್ಕನದ್ದು ತತ್ತ್ವಶಾಸ್ತ್ರದಲ್ಲಿ ಎಂ.ಎ. ಈ ಕಾಲದ ಚಿಂತಕರು ಎಂತ ಹೇಳಿದರು ಎಂದು ಗೈಡಿನಲ್ಲಿ ನೋಡುವ ಹಾಗಿಲ್ಲ. ಅವರೇ ಬರೆದದ್ದನ್ನು ಓದಬೇಕು. ನಾನು ಪಿಯುಸಿ ಅರ್ಧಕ್ಕೆ ಬಿಟ್ಟು ಕಾಪುವಿನ ಮನೆಯಲ್ಲಿ ಇರುವವ. ಹಾಗಾಗಿ ಇಬ್ಬರ ನಡುವೆ ಇಂಥ ಪ್ರಸಂಗಗಳು ಆಗುತ್ತಲೇ ಇರುತ್ತವೆ.

ಆದರೆ ಆ ವರ್ಷ ನಗುವ ವರ್ಷ ಆಗಿರಲಿಲ್ಲ. ಅಪ್ಪ ಬೋಟಿನಲ್ಲಿ ಬಿದ್ದು ಬೆನ್ನು ಹೋಗಿತ್ತು. ಅಮ್ಮ ಮೀನು ಮಾರಿ ಮನೆ ನಡೆಸುತ್ತಿದ್ದರು. ಅಕ್ಕ ಸೆಮಿನಾರಿನಲ್ಲಿ ಚೀಟಿ ನೋಡದೆ ಒಂದು ಪುಟ ವಿವರಿಸಬೇಕಿತ್ತು. ಫೇಲಾದರೆ ಇನ್ನೊಂದು ವರ್ಷ ಓದಿಸುವ ಶಕ್ತಿ ಮನೆಗೆ ಇರಲಿಲ್ಲ. ನನ್ನ ಕಿವಿ ಹಿಂಡುವಾಗ ಗುಡುಗುವ ಅಕ್ಕ, ಕ್ಲಾಸಿನಲ್ಲಿ ಎದ್ದು ನಿಂತರೆ ಬಾಯಿಯೇ ಬಿಡುತ್ತಿರಲಿಲ್ಲ.

ಬುತ್ತಿ

ಅಕ್ಕ ಮರೆತುಹೋದ ಬುತ್ತಿ ಕೊಡಲು ಅವಳ ಕ್ಲಾಸಿಗೆ ಹೋದವ, ಫ್ಯಾನಿನ ಗಾಳಿ ಚೆನ್ನಾಗಿ ಉಂಟು ಎಂದು ಹಿಂದಿನ ಬೆಂಚಿನಲ್ಲಿ ಗಂಭೀರವಾಗಿ ಕೂತುಬಿಟ್ಟೆ. ಪಾಠ ಮಾಡುತ್ತಿದ್ದ ಮೇಡಂ ನನ್ನನ್ನು ಹೊಸ ವಿದ್ಯಾರ್ಥಿ ಎಂದು ಎಣಿಸಿದರು.

"ಈ ವಾಕ್ಯದಲ್ಲಿ ಲೇಖಕ ಎಂತ ಹೇಳ್ತಾನೆ?"

"ನನಗೆ ಗೊತ್ತಿಲ್ಲ ಮೇಡಂ."

"ಲೇಖಕನಿಗೂ ಗೊತ್ತಿಲ್ಲ. ಅದನ್ನೇ ಬರೆದಿದ್ದಾನೆ. ಇಷ್ಟು ಜನರಲ್ಲಿ ನೀವು ಒಬ್ಬರೇ ಸರಿಯಾಗಿ ಓದಿದ್ದು!"

ಆಮೇಲೆ ಅಕ್ಕ ಒಂದು ದಿನವೂ ಬುತ್ತಿ ಮರೆಯಲಿಲ್ಲ.

ಅಮ್ಮನ ಸಂಶಯ

ಸೆಮಿನಾರಿಗೆ ಸಿಕ್ಕಿದ ಪುಟದ ವಿಷಯ, ಇನ್ನೊಬ್ಬರ ನೋವು ನಮಗೆ ಗೊತ್ತಾಗುತ್ತದೆಯೇ ಎನ್ನುವುದು. ಅಕ್ಕ ಅಡುಗೆಮನೆಯಲ್ಲಿ ಗಟ್ಟಿಯಾಗಿ ಓದುತ್ತಿದ್ದಳು, ಅಮ್ಮ ಬಂಗುಡೆ ಮೀನು ಕೊಯ್ಯುತ್ತಿದ್ದರು. ಒಳಗೆ ಚಾಪೆಯಲ್ಲಿ ಮಲಗಿದ ಅಪ್ಪ ಮಗ್ಗುಲು ಬದಲಿಸುವಾಗೆಲ್ಲ ಅಮ್ಮ, "ನೋವುಂಟಾ?" ಎಂದು ಕೂಗುವರು. "ಎಂತ ಇಲ್ಲ" ಎಂದು ಒಳಗಿನಿಂದ ಬರುವುದು.

ಅಮ್ಮ ಕತ್ತಿ ನಿಲ್ಲಿಸಿ ಕೇಳಿದರು, "ಇದನ್ನು ಬರೆದವನಿಗೆ ಮದುವೆ ಆಗಿದೆಯಾ?"

"ಇಲ್ಲ ಅಮ್ಮ."

"ಮತ್ತೆ! ಪುರುಸೊತ್ತು ಉಂಟಲ್ವಾ."

ಕಾರ್ಕಳದ ಊಟ

ಕಾರ್ಕಳದ ಒಂದು ಮದುವೆಯಲ್ಲಿ ದೊಡ್ಡಮ್ಮ ನನ್ನನ್ನು ಹಿಡಿದು, "ನಿನ್ನ ಅಕ್ಕ ಎಂತ ಓದುವುದು ಮಾರಾಯ?" ಎಂದರು.

"ಎದುರು ಕೂತವರ ಮನಸ್ಸಿನಲ್ಲಿ ಎಂತ ಉಂಟು ಎಂದು ಹೇಳುವ ಓದು ದೊಡ್ಡಮ್ಮ. ಪ್ರಾಕ್ಟಿಕಲ್ಸ್ ಮುಗಿದಿದೆ."

ಊಟಕ್ಕೆ ಕೂತಾಗ ಅಕ್ಕನ ಎದುರಿನ ಸಾಲು ಖಾಲಿ. ಇವತ್ತು ನನ್ನ ಕಿವಿ ಹೋಯಿತು ಎಂದುಕೊಂಡೆ. ಬಸ್ಸಿನಲ್ಲಿ ಅಕ್ಕ ಮೆಲ್ಲಗೆ ಹೇಳಿದಳು, "ಥ್ಯಾಂಕ್ಸ್ ಮಾರಾಯ. ಮೊದಲ ಸಲ ಯಾರೂ, ನಿನ್ನದು ಯಾವಾಗ ಎಂದು ಕೇಳಲಿಲ್ಲ."

ಸೆಮಿನಾರು

ಮೇಡಂ ಒಂದು ಕ್ರಮ ಇಟ್ಟಿದ್ದರು. ಆ ಪುಸ್ತಕದ ಗಾಳಿಯೂ ತಾಗದ ಒಬ್ಬರನ್ನು ಮನೆಯಿಂದ ಕರೆತರಬೇಕು, ಪುಟವನ್ನು ಅವರಿಗೆ ವಿವರಿಸಬೇಕು, ಕೊನೆಗೆ ಅವರು ಒಂದು ಪ್ರಶ್ನೆ ಕೇಳಬೇಕು. ನಾನು ಆಗಲೇ ಕ್ಲಾಸಿನ ಮೇಧಾವಿ ಆಗಿಬಿಟ್ಟಿದ್ದರಿಂದ ಲೆಕ್ಕಕ್ಕೆ ಇರಲಿಲ್ಲ. ಅಮ್ಮನಿಗೆ ಮಾರ್ಕೆಟ್ ಬಿಡುವ ಹಾಗಿಲ್ಲ.

"ನಾನು ಬರ್ತೇನೆ" ಎಂದರು ಅಪ್ಪ.

ಕಾಪುವಿನಿಂದ ಉಡುಪಿ, ಅಲ್ಲಿಂದ ಇನ್ನೊಂದು ಬಸ್ಸು. ರಸ್ತೆಯಲ್ಲಿ ಹಂಪು ಬಂದಾಗೆಲ್ಲ ಅಪ್ಪ ಎದುರಿನ ಕಂಬಿ ಹಿಡಿದು ಕಿಟಕಿಯ ಹೊರಗೆ ನೋಡುತ್ತಿದ್ದರು. ಜೊತೆಗೆ ಹೋದ ನಾನೂ ಜೋಕು ಹೊಡೆಯಲಿಲ್ಲ.

ಅಕ್ಕ ಎದ್ದು ನಿಂತಳು. ಮೇಡಂ ಗಡಿಯಾರ ನೋಡಿದರು. ಅಕ್ಕನ ಕಣ್ಣು ಅಪ್ಪನ ಮೇಲೆ ನಿಂತಿತು.

"ಅಪ್ಪ, ನೋವಾಗ್ತಾ ಉಂಟಾ?"

"ಎಂತ ಇಲ್ಲ ಮಗಾ."

"ಸುಳ್ಳು."

"ಹೇಗೆ ಗೊತ್ತು?" ಎಂದು ಮೇಡಂ ತಟ್ಟನೆ ಕೇಳಿದರು.

"ನೋವು ನನಗೆ ಕಾಣುವುದಿಲ್ಲ ಮೇಡಂ. ಬೆಂಚಿನ ಅಂಚು ಹಿಡಿದ ಕೈ ಕಾಣುತ್ತದೆ. ಆ ಕೈ ನೋಡಿ ನೋವುಂಟು ಎನ್ನಲು ನನಗೆ ಎಂತ ಹಕ್ಕು? ಈ ಪುಟ ಕೇಳುವುದು ಅದನ್ನೇ." ಅಲ್ಲಿಂದ ಅಕ್ಕ ನಿಲ್ಲಲೇ ಇಲ್ಲ. ವಾಕ್ಯ ವಾಕ್ಯವಾಗಿ ಇಡೀ ಪುಟವನ್ನು ಅಪ್ಪನಿಗೆ ಹೇಳಿದಳು. ಮೇಡಂ ಪೆನ್ನು ಕೆಳಗಿಟ್ಟು ಕಿವಿಗೊಟ್ಟರು.

"ಇನ್ನು ನಿಮ್ಮ ಪ್ರಶ್ನೆ" ಎಂದರು ಅಪ್ಪನಿಗೆ.

ಅಪ್ಪ ಬಹಳ ಯೋಚಿಸಿ ಕೇಳಿದರು, "ಎಲ್ಲ ಅರ್ಥ ಆಯಿತು. ಈ ಬೆಂಚು ಮಾಡಿದವನಿಗೆ ಗೊತ್ತುಂಟಾ?"

ಕ್ಲಾಸಿಗೆ ಕ್ಲಾಸೇ ನಕ್ಕಿತು.

ಈ ಕೊನೆಯ ಬೆಂಚಿನ ಜೋಕು ನಾನು ಕಟ್ಟಿದ್ದು. ಯಾರೂ ನಗಲಿಲ್ಲ. ಅಪ್ಪ ಬಾಯಿ ತೆರೆದರು, ಪ್ರಶ್ನೆ ಬರಲಿಲ್ಲ. "ನೋವುಂಟು ಮಗಾ" ಎಂದರು, ಅಷ್ಟೇ. ಮೇಡಂ ಅದನ್ನೇ ಪ್ರಶ್ನೆ ಎಂದು ಹಿಡಿದು ಅಕ್ಕನನ್ನು ಪಾಸು ಮಾಡಿದರು.