ಜೇಬಿನ ಕೆಳಗಿನ ನೀಲಿ

ಬರ್ ದುಬೈಯ ನನ್ನ ಬಟ್ಟೆ ಅಂಗಡಿಗೆ ಬಂದು, ಹೊಸ ಬಟ್ಟೆಯತ್ತ ಕಣ್ಣೂ ಹಾಯಿಸದೆ, "ಮನೆಯಲ್ಲಿ ಹರಿದ ಪ್ಯಾಂಟು ಇದೆಯೇ?" ಎಂದು ಕೇಳಿದ ಗಿರಾಕಿ ಇಡೀ ಜಗತ್ತಿಗೆ ಇವರೊಬ್ಬರೇ! ಆಫ್ರಿಕನ್-ಅಮೆರಿಕನ್ ಹೆಂಗಸು, ಅಲ್ ನಹ್ದಾದಲ್ಲಿ ನಮ್ಮ ಕಟ್ಟಡದವರೇ, ನನ್ನ ಮಗಳ ಟೀಚರು.

ನಾನು ಬಿಡುತ್ತೇನೆಯೇ? "ಹೊಸ ತುಂಡುಗಳಿವೆ ಮೇಡಂ, ಅರ್ಧ ರೇಟು."

"ಬೇಡ."

"ಕಾಲು ರೇಟು?"

"ಬೇಡ."

"ಹೋಗಲಿ, ಪುಕ್ಕಟೆ!"

"ಯಾರೂ ಬೆವರದ ಬಟ್ಟೆ ನನಗೆ ಬೇಡ."

ಪುಕ್ಕಟೆಯೂ ಬೇಡವೆನ್ನುವವರ ಜೊತೆ ವ್ಯಾಪಾರ ಮಾಡುವುದು ಹೇಗೆ, ನೀವೇ ಹೇಳಿ!

ಅವರ ಅಜ್ಜಿ ಹತ್ತಿ ಹೊಲದಲ್ಲಿ ಸವೆದ ಕೆಲಸದ ಬಟ್ಟೆಗಳನ್ನೇ ಕತ್ತರಿಸಿ ಕೌದಿ ಹೊಲಿಯುತ್ತಿದ್ದರಂತೆ. ಇವರು ಅದನ್ನೇ ಮಕ್ಕಳಿಗೆ ಕಲಿಸುತ್ತಿದ್ದರು. ಅಳತೆಪಟ್ಟಿ ಮುಟ್ಟುವಂತಿಲ್ಲ, ಕಣ್ಣು ಹೇಳಿದಲ್ಲಿ ಕತ್ತರಿ! ಶಾಲೆಗೆ ಹೋಗಿ ನೋಡಿದರೆ ಎಲ್ಲವೂ ಸೊಟ್ಟ. ಸಲಹೆ ಕೊಡದೆ ಇರಲಾದೀತೇ? "ಸೀಮೆಸುಣ್ಣದಲ್ಲಿ ಗೆರೆ ಎಳೆಸಿ ಮೇಡಂ, ನೇರ ಬರುತ್ತದೆ."

"ನೇರ ಬೇಕಿದ್ದರೆ ಅಂಗಡಿಯಲ್ಲಿ ಕಂಬಳಿ ಕೊಳ್ಳುತ್ತಿದ್ದೆ."

ಅಷ್ಟರಲ್ಲಿ ಕೌದಿಯ ನಡುವೆ ನನ್ನ ಅಂಗಿ ಕಂಡಿತು! ದೇರಾ ಮಾರುಕಟ್ಟೆಯಲ್ಲಿ ಬಟ್ಟೆಯ ಮೂಟೆ ಹೊರುತ್ತಿದ್ದ ಕಾಲದ್ದು. ಆ ಕಾಲದ ಸುದ್ದಿಯನ್ನೇ ಮಗಳಿಗೆ ಹೇಳದೆ, ಅಂಗಿಯನ್ನು ಸೂಟ್‌ಕೇಸಿನ ತಳದಲ್ಲಿ ಅಡಗಿಸಿದ್ದೆ. ಮನೆಗೆ ಬಂದು ಹಾರಾಡಿದರೆ ಹೆಂಡತಿ ಜಗ್ಗಲಿಲ್ಲ. "ನಾನೇ ಕೊಟ್ಟದ್ದು ಮಾರಾಯ್ರೆ. ಮೂಟೆ ಹೊತ್ತದ್ದಲ್ವಾ, ಕದ್ದದ್ದಾ?"

ಶಾಲೆಯಲ್ಲಿ ಕೌದಿ ಪ್ರದರ್ಶನದ ಬೆಳಗ್ಗೆ ಪ್ರಿನ್ಸಿಪಾಲ್ ಮೇಡಂ ಕೌದಿಯ ಮುಂದೆ ನಿಂತು ಮೂಗು ಮುರಿದರು. "ಅಂಗಿಯ ಮೇಲೆ ಜಿಡ್ಡಿನ ಕಲೆ! ಅತಿಥಿಗಳು ಬರ್ತಾರೆ. ಈ ತುಂಡು ಬಿಚ್ಚಿ, ಇಲ್ಲವಾದರೆ ಕೌದಿಯನ್ನೇ ಇಳಿಸಿ."

"ಎರಡೂ ಆಗದು," ಎಂದರು ಟೀಚರು, ತುಟಿಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡೇ. ಅಂಥ ಬಾಯಿಯ ಜೊತೆ ಯಾರು ವಾದಿಸುತ್ತಾರೆ?

ಪ್ರಿನ್ಸಿಪಾಲರು ನನ್ನತ್ತ ತಿರುಗಿದರು. "ನೀವು ವ್ಯಾಪಾರಸ್ಥರು, ಬುದ್ಧಿ ಹೇಳಿ. ಯಾವನೋ ಕೂಲಿಯವನ ಅಂಗಿ!"

ಮಗಳು ನನ್ನನ್ನೇ ನೋಡುತ್ತಿದ್ದಳು. ನನ್ನಲ್ಲಿ ರಾಜಿ ಸಿದ್ಧವಿತ್ತು: ಕಲೆಯ ಮೇಲೊಂದು ಹೂವಿನ ತುಂಡು ಹಚ್ಚಿದರಾಯಿತು. ಹೇಳಲು ಬಾಯಿ ತೆರೆದವನು ಅಂಗಿಯನ್ನು ನೋಡಿದೆ. ಟೀಚರು ಜೇಬು ಬಿಚ್ಚಿ ತೆಗೆದಿದ್ದರು. ಬಿಸಿಲಿಗೆ ಬೂದುಬಣ್ಣಕ್ಕೆ ತಿರುಗಿದ ಬಟ್ಟೆಯ ನಡುವೆ, ಜೇಬಿದ್ದಷ್ಟು ಜಾಗ ಮಾತ್ರ ಅಚ್ಚ ನೀಲಿ.

"ಆ ಕೂಲಿಯವ ನಾನೇ ಮೇಡಂ. ಕೌದಿ ಇಳಿಯೋದಿಲ್ಲ. ಚೌಕಾಸಿಯೂ ಇಲ್ಲ. ಖಲಾಸ್!"

ಹುಟ್ಟಿದಾಗಿನಿಂದ ಚೌಕಾಸಿ ಮಾಡಿದವನ ಬಾಯಲ್ಲಿ ಎಂಥ ಮಾತು! ಪ್ರಿನ್ಸಿಪಾಲರು ನೆಲ ನೋಡುತ್ತ ಹೊರಟುಹೋದರು. ಕೌದಿ ಸೊಟ್ಟಗೆ, ಗತ್ತಿನಿಂದ ತೂಗುತ್ತ ಉಳಿಯಿತು.

ಮಗಳು ಆ ನೀಲಿಯ ಮೇಲೆ ಅಂಗೈ ಇಟ್ಟಳು. "ಪಪ್ಪಾ, ಇಲ್ಲಿ ವಾಟ್ ಡಿಡ್ ಯು ಕೀಪ್?"

ಊರಿಂದ ಬಂದವರ ಕೈಯಲ್ಲಿ ಹೆಂಡತಿ ಕಳಿಸಿದ್ದ, ಒಂದು ತಿಂಗಳ ಕೂಸಿನ ಫೋಟೊ ನೆನಪಾಯಿತು.

"ನಿನ್ನನ್ನು," ಎಂದೆ.