ಹೆಜ್ಜೆ ತಪ್ಪದ ಜೀಪು

ಬೆಳಿಗ್ಗೆ ಐದಕ್ಕೆ ಏಳುವವರಲ್ಲಿ ಒಂದು ದೋಷವಿದೆ. ಏಳಕ್ಕೆ ಏಳುವವರ ಎಲ್ಲ ತೊಂದರೆಗಳ ಕಾರಣವೂ ಅವರಿಗೆ ಮೊದಲೇ ಗೊತ್ತಿರುತ್ತದೆ. ಕಾಪುವಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಡ್ರಿಲ್ ಮಾಸ್ಟರನಾಗಿ ಸೀಟಿ ಊದಿದ ನನ್ನಲ್ಲಿ ಈ ದೋಷ ತುಸು ಹೆಚ್ಚೇ ಇದೆ. ನಿವೃತ್ತನಾದ ಮೇಲೆ ಸಾಲಿನಲ್ಲಿ ನಿಲ್ಲಿಸಲು ನನಗೆ ಉಳಿದದ್ದು ಎರಡೇ: ಹೆಂಡತಿ ವಾರಿಜ ಮತ್ತು ಒಂದು ಹಳೆಯ ಜೀಪು. ವಾರಿಜ ಮೊದಲಿನಿಂದಲೂ ಸಾಲಿಗೆ ಸಿಕ್ಕಿದವಳಲ್ಲ. ಹಾಗಾಗಿ ಪೂರ್ತಿ ಗಮನ ಜೀಪಿನ ಮೇಲೆ ಬಿತ್ತು.

ಅದನ್ನು ಕೊಂಡದ್ದು ಹೆಜಮಾಡಿಯಲ್ಲಿ, ದೋಣಿಗಳಿದ್ದ ಒಬ್ಬರಿಂದ. "ಎಂಥ ಮರಳಿನಲ್ಲೂ ಹೂತುಹೋಗುವುದಿಲ್ಲ ಮಾಸ್ಟ್ರೇ" ಎಂದಿದ್ದರು. ಮರಳಿನಲ್ಲಿ ನನಗೇನು ಕೆಲಸ ಎಂದು ಕೇಳುವ ಬುದ್ಧಿ ಬರಲಿಲ್ಲ; ನಾನು ಬಾನೆಟ್ಟಿನ ಹೊಳಪು ನೋಡುತ್ತಿದ್ದೆ. ವಾರಿಜಳಿಗೆ ಮಾತ್ರ ಒಂದು ಮಾತು ಕೊಟ್ಟಿದ್ದೆ: ಪ್ರತಿ ಭಾನುವಾರ ಕಾರ್ಕಳದ ಅವಳ ಅಕ್ಕನ ಮನೆಗೆ ಇನ್ನು ಇದರಲ್ಲೇ ಹೋಗುವುದು. ಬಸ್ಸಿನಲ್ಲಿ ನಿಂತು ನಿಂತು ಅವಳ ಮೊಣಕಾಲು ಸೋತಿತ್ತು.

ಮೊದಲ ಭಾನುವಾರವೇ ಶಿರ್ವದ ತಿರುವುಗಳಲ್ಲಿ ಹಿಂದಿನಿಂದ ಕಿರ್ರೆಂದು ಶಬ್ದ ಬಂತು, ಜತೆಗೊಂದು ಜಗ್ಗು. ನೇರ ರಸ್ತೆಯಲ್ಲಿ ಜೀಪು ಸಾಧು. ತಿರುವು ಬಂದರೆ ಬಾಲ ತುಳಿಸಿಕೊಂಡ ನಾಯಿ. ನಾನು ನೋಟ್‌ಬುಕ್ ತೆರೆದು ತಿರುವು, ವೇಗ, ಶಬ್ದ ಎಂದು ಮೂರು ಕಲಂ ಎಳೆದೆ. ಬ್ರೇಕ್ ಶೂ ಬದಲಾಯಿಸಿದೆ, ಹಿಂದಿನ ಬೇರಿಂಗ್ ಬದಲಾಯಿಸಿದೆ. ಶಬ್ದ ಬದಲಾಗಲಿಲ್ಲ. ನಾಲ್ಕನೆಯ ಭಾನುವಾರ ನನ್ನ ಸಂಶಯ ವಾರಿಜಳ ಬುಟ್ಟಿಯ ಮೇಲೆ ಬಿತ್ತು. ಅದರಲ್ಲಿ ಅಕ್ಕನಿಗೆಂದು ಪತ್ರೊಡೆ ತುಂಬಿದ ಸ್ಟೀಲ್ ಡಬ್ಬಿಗಳಿದ್ದವು. ಬೆಳ್ಮಣ್ ಹತ್ತಿರ ನಿಲ್ಲಿಸಿ ಬುಟ್ಟಿಯನ್ನೂ, ಪರೀಕ್ಷೆ ಪಕ್ಕಾ ಆಗಲಿ ಎಂದು ಅವಳನ್ನೂ ಇಳಿಸಿ, ಒಬ್ಬನೇ ತಿರುವು ಸುತ್ತಿ ಬಂದೆ. ಶಬ್ದ ಇತ್ತು, ವಾರಿಜ ಇರಲಿಲ್ಲ. ಕಾರ್ಕಳದ ಬಸ್ಸು ಹತ್ತಿ ಹೋಗಿದ್ದಳು. ಸಂಜೆ ಮನೆಗೆ ಬಂದವಳು, ಆ ಗಾಡಿಯ ಬಾಯಿ ಮುಚ್ಚುವವರೆಗೆ ತನಗೆ ಬಸ್ಸೇ ಸಾಕು ಎಂದಳು. ಹೇಳುವಾಗ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು.

ಮರುದಿನ ಸಂತೆಕಟ್ಟೆಯ ಸುಧಾಕರನ ಗ್ಯಾರೇಜಿಗೆ ಹೋದೆ. ಅವನು ನನ್ನ ಹಳೆಯ ವಿದ್ಯಾರ್ಥಿ. ಕವಾಯತಿನಲ್ಲಿ ಹೆಜ್ಜೆ ತಪ್ಪಿ ಶಿಕ್ಷೆಯಾಗಿ ಮೈದಾನ ಸುತ್ತಿದವರಲ್ಲಿ ಮೊದಲಿಗ. ನೋಟ್‌ಬುಕ್ ಚಾಚಿದೆ. ಅದನ್ನು ಗೌರವದಿಂದ ಪಕ್ಕಕ್ಕಿಟ್ಟು, ಜೀಪಿನ ಹಿಂಭಾಗವನ್ನು ಜಾಕಿನಲ್ಲಿ ಎತ್ತಿ, ಒಂದು ಚಕ್ರವನ್ನು ಕೈಯಿಂದ ತಿರುಗಿಸಿದ. ಇನ್ನೊಂದೂ ಅದೇ ಕಡೆಗೆ, ಅಷ್ಟೇ ತಿರುಗಿತು.

"ಎಂಥ ಶಿಸ್ತು ನೋಡು" ಎಂದೆ.

"ಅದೇ ಕಾಯಿಲೆ ಮಾಸ್ಟ್ರೇ" ಎಂದ.

ಹಿಂದಿನ ಎರಡು ಚಕ್ರಗಳ ನಡುವೆ ಇರುವ ಡಿಫರೆನ್ಶಿಯಲ್ ಎಂಬ ಗಿಯರಿನ ಗುಂಡಿನ ಮುಚ್ಚಳ ಬಿಚ್ಚಿ ತೋರಿಸಿದ. ದೋಣಿ ಎಳೆಯುವಾಗ ಒಂದು ಚಕ್ರ ಮಾತ್ರ ಮರಳಿನಲ್ಲಿ ಸುಮ್ಮನೆ ತಿರುಗದಿರಲೆಂದು, ಒಳಗಿನ ಸಣ್ಣ ಗಿಯರುಗಳನ್ನು ಯಾರೋ ವೆಲ್ಡ್ ಮಾಡಿ ಒಂದೇ ಮುದ್ದೆ ಮಾಡಿದ್ದರು. ಎರಡು ಚಕ್ರಕ್ಕೂ ಒಂದೇ ಹೆಜ್ಜೆ. ಅದರಲ್ಲಿ ತಪ್ಪೇನೆಂದು ನನಗೆ ಆಗಲೂ ತಿಳಿಯಲಿಲ್ಲ.

"ಸಾಲು ತಿರುಗುವಾಗ ಹೊರಗಿನವ ಉದ್ದ ಹೆಜ್ಜೆ, ಒಳಗಿನವ ನಿಂತಲ್ಲೇ ಹೆಜ್ಜೆ. ನೀವೇ ಕಲಿಸಿದ್ದಲ್ವಾ?" ಎಂದ ಸುಧಾಕರ. "ನಾನು ಒಳಗಿದ್ದು ಉದ್ದ ಹೆಜ್ಜೆ ಹಾಕಿಯೇ ಮೈದಾನ ಸುತ್ತಿದ್ದು. ತಿರುವಿನಲ್ಲಿ ಈ ಒಳಗಿನ ಚಕ್ರ ಮಾಡುವುದೂ ಅದನ್ನೇ. ಹಾಗಾಗದಂತೆ ಎರಡಕ್ಕೂ ಬೇರೆ ಬೇರೆ ಹೆಜ್ಜೆ ಕೊಡುವುದೇ ಡಿಫರೆನ್ಶಿಯಲ್‌ನ ಕೆಲಸ."

ಮೂವತ್ತು ವರ್ಷ ನಾನು ಮಕ್ಕಳಿಗೆ ಡಿಫರೆನ್ಶಿಯಲ್ ಕಲಿಸಿದ್ದೆ ಎಂದು ತಿಳಿದದ್ದು ಅಂದು, ಗ್ಯಾರೇಜಿನ ಸ್ಟೂಲಿನ ಮೇಲೆ. ಗುಜರಿಗೆ ಬಂದ ಬೇರೊಂದು ಜೀಪಿನಿಂದ ಒಳ್ಳೆಯ ಗಿಯರುಗಳನ್ನು ತೆಗೆದು ಹಾಕಿ, ಹೊಸ ಎಣ್ಣೆ ತುಂಬಿ, ನಾಲ್ಕು ದಿನದಲ್ಲಿ ಅವನು ಗಾಡಿ ಕೊಟ್ಟ.

ಭಾನುವಾರ ವಾರಿಜ ಹತ್ತಿದಳು, ಬುಟ್ಟಿಯನ್ನು ಮಡಿಲಿನಿಂದ ಇಳಿಸದೆ. ಶಿರ್ವದ ತಿರುವುಗಳಲ್ಲಿ ಜೀಪು ತುಟಿಪಿಟಕ್ಕೆನ್ನಲಿಲ್ಲ. ನಾನು ಪ್ರತಿ ತಿರುವಿನಲ್ಲೂ ಒಳಗಿನ ಚಕ್ರ, ಹೊರಗಿನ ಚಕ್ರ ಎಂದು ವಿವರಿಸುತ್ತಾ, ನಡುನಡುವೆ ಅವಳು ಬೆನ್ನು ನೇರ ಇಡಬೇಕು, ಬುಟ್ಟಿ ಎಡಕ್ಕೆ ಸರಿಸಬೇಕು ಎಂದು ಸೂಚಿಸುತ್ತಾ ಬೆಳ್ಮಣ್ ತಲುಪಿದೆ. ಈಗ ಶಬ್ದ ಉಂಟಾ ಹೇಳು ಎಂದು ಹೆಮ್ಮೆಯಿಂದ ಕೇಳಿದೆ.

"ಹಿಂದಿನದು ನಿಂತಿದೆ" ಎಂದಳು. "ಮುಂದಿನದು ಉಂಟು."

ಹಿಂದಿನಿಂದ ಕಾರ್ಕಳದ ಬಸ್ಸು ಹಾರನ್ ಹಾಕುತ್ತಾ ಬರುತ್ತಿತ್ತು. ವಾರಿಜ ಕನ್ನಡಿಯಲ್ಲಿ ಅದನ್ನೊಮ್ಮೆ ನೋಡಿದಳು. ಅದು ದಾಟಿ ಹೋಗುವವರೆಗೆ, ಆಮೇಲೆ ಕಾರ್ಕಳದವರೆಗೂ, ನಾನು ಬಾಯಿ ಬಿಡಲಿಲ್ಲ. ಒಳಗಿನವನಾಗಿ ನಿಂತಲ್ಲೇ ಹೆಜ್ಜೆ ಹಾಕುವುದು ಅಷ್ಟು ಸುಲಭವಲ್ಲ. ಸುಧಾಕರನಿಂದ ನಾನು ಮೈದಾನ ಸುತ್ತಿಸಿದ ಸುತ್ತುಗಳಲ್ಲಿ ಕೆಲವು ನನ್ನ ಪಾಲಿಗೂ ಬರಬೇಕಿತ್ತು.