ಅಸಲಿ ನಳಿಗೆ ಪರ್ವ

ಹುಲಿಯು ಸರ್ಕಾರದ ಮುದ್ದಿನ ಮಗುವಾಗಿ, ಕಾಡುಹಂದಿಯು ಕಾನೂನಿನ ಕೂಸಾಗಿ, ಕಾಡುಕೋಳಿಗೂ ಅರಣ್ಯ ಇಲಾಖೆಯ ಅಭಯಹಸ್ತ ದೊರೆತು, ವೀರರ ಪಾಲಿಗೆ ಶತ್ರುವೆಂದು ಉಳಿದದ್ದು ತೆಂಗಿನಕಾಯಿಯೊಂದೇ ಎಂಬ ಈ ಕಡುಕಲಿಯುಗದಲ್ಲಿ, ಶೈಲಶಿಖರಮಾಲಾಲಂಕೃತವಾದ ಕೊಡಗುನಾಡಿನಲ್ಲಿ, ಕಾಫಿಕುಸುಮಸೌರಭಸೇವಿತನೂ, ಗಿರಿಜಾಮೀಸೆಮಂಡಿತವದನನೂ, ನಾರಿಕೇಳಕುಲಾಂತಕನೂ ಆದ ಬೇರೆಯಂಡ ಕುಟ್ಟಯ್ಯನೆಂಬ ಮಹಾವೀರನಿದ್ದನು. ಎಲೈ ವಾಗ್ದೇವಿಯೇ, ವೀಣೆಯನ್ನು ಅರೆಗಳಿಗೆ ಕೆಳಗಿಟ್ಟು ಕಿವಿ ಮುಚ್ಚಿಕೋ. ಈ ಕಥೆಯಲ್ಲಿ ಗುಂಡು ಹಾರುವುದುಂಟು. ಹಾರಿದ ಗುಂಡಿಗಿಂತ ಹಾರಿದ ಮಾತೇ ಹೆಚ್ಚು, ಆದರೂ ಮುಚ್ಚಿಕೋ.

ಈ ವೀರನ ಕರಕಮಲದಲ್ಲಿ ಒಂದು ಕೋವಿಯಿತ್ತು. ಊರವರು ಅದನ್ನು ಪಾಯಿಂಟ್ ಟೂ ಟೂ ಎನ್ನುತ್ತಿದ್ದರು. ತೋಟಾದ ಬುಡದಂಚಿಗೆ ಕುಟ್ಟಿದರೆ ಸಿಡಿಯುವ ಜಾತಿಯಾದ್ದರಿಂದ ಬಲ್ಲವರು ರಿಮ್‌ಫೈರ್ ಎನ್ನುತ್ತಿದ್ದರು. ಹೆಂಡತಿ ದೇಚಮ್ಮ ಮಾತ್ರ "ಇವರ ಎರಡನೇ ಸಂಸಾರ" ಎನ್ನುತ್ತಿದ್ದಳು. ಅಜ್ಜನ ಕಾಲದ ಅದರ ನಳಿಗೆಯೊಳಗಿನ ಸುರುಳಿಗೆರೆಗಳು ಸವೆದು, ತಾನು ಎತ್ತ ಹೋಗುತ್ತೇನೆಂದು ಗುಂಡಿಗೇ ತಿಳಿಯದ ಸ್ಥಿತಿ ಬಂದಾಗ, ಕುಟ್ಟಯ್ಯನು ವಿರಾಜಪೇಟೆಯ ಕೋವಿ ರಿಪೇರಿ ಅಂಗಡಿಗೆ ಹೋಗಿ ಹೊಸ ನಳಿಗೆ ಕೂರಿಸಿಕೊಂಡು ಬಂದನು. ಹಳೆಯದನ್ನು ಗೋಣಿಯಲ್ಲಿ ಸುತ್ತಿ ಅಟ್ಟಕ್ಕೆಸೆದು ಮರೆತನು. ವಿಧಿ ನಕ್ಕದ್ದು ಇಲ್ಲೇ.

ಈಗ ವೀರನಿಗೆ ಜೋಡುನಳಿಗೆ ಬಂದೂಕಿನ ಹಂಬಲ ಹತ್ತಿತ್ತು. ಅದಕ್ಕೆ ಈ ಕೋವಿ ಮಾರಲೇಬೇಕು. ಕೊಳ್ಳಲು ಬಂದವನು ಬೇರಾರೂ ಅಲ್ಲ, ದೇಚಮ್ಮನ ಅಣ್ಣ, ಚೌಕಾಸಿಚಕ್ರವರ್ತಿ, ವಕ್ರಭಾಷಣವಿಶಾರದ ತೊರಮಂಡ ಚಿಟ್ಟಿಯಪ್ಪ. ಬಂದ ದಿನವೋ ಆಯುಧಪೂಜೆಯ ಕೈಲ್‌ಪೋಳ್ದ್. ಕೋವಿಯ ಬಾಯಲ್ಲಿ ತೋಕ್‌ಪೂವಿನ ಕೆಂಪುಹಳದಿ ಎಸಳು ನಗುತ್ತಿತ್ತು, ಅಂಗಳದಾಚೆಯ ಸಿಲ್ವರ್ ಮರದ ತುದಿಗೆ ಹಬ್ಬದ ಗುರಿಯಾಟಕ್ಕೆಂದು ಕಟ್ಟಿದ್ದ ತೆಂಗಿನಕಾಯಿ ತನ್ನ ಪಾಡಿಗೆ ತಾನು ಸಾವಿಗೆ ಕಾಯುತ್ತಿತ್ತು.

ಚಿಟ್ಟಿಯಪ್ಪನು ಕೋವಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಹಬ್ಬಕ್ಕೆ ನೆರೆದ ನಂಟರ ಸಭಾಮಧ್ಯದಲ್ಲಿ ಗರ್ಜಿಸಿದನು: "ಎಲೈ ಭಾವನೇ! ಮೈಮೇಲೊಂದು ನಂಬರು, ನಳಿಗೆಯ ಮೇಲೊಂದು ನಂಬರು! ಅಸಲಿ ನಳಿಗೆಯಿಲ್ಲದ ಇದೂ ಒಂದು ಕೋವಿಯೇ? ಹಲ್ಲು ಕಟ್ಟಿಸಿಕೊಂಡ ಮುದುಕನಿಗೆ ಹೆಣ್ಣು ಕೇಳಿದ ಹಾಗಾಯಿತು. ಅರ್ಧ ಬೆಲೆ. ಅದೂ ತಂಗಿಯ ಮುಖ ನೋಡಿ!"

ಕುಟ್ಟಯ್ಯನ ಮೀಸೆ ತಾನಾಗಿ ಎದ್ದು ನಿಂತಿತು. "ಏನೆಂದೆ! ಹೊಸ ನಳಿಗೆಯಿಂದ ಬೆಲೆ ಇಳಿಯಿತೇ? ದಿಕ್ಪಾಲಕರೇ ಕೇಳಿರಿ, ಕಾಫಿಗಿಡಗಳೇ ಕೇಳಿರಿ! ಆ ಕಾಯಿಯನ್ನು ಒಂದೇ ಗುಂಡಿಗೆ ಸೀಳುವೆನು. ಇಂದು ಸೂರ್ಯ ಮುಳುಗುವುದರೊಳಗೆ ಈ ಕೋವಿ ಪೂರ್ಣ ಬೆಲೆಗೆ ಹೋಗದಿದ್ದರೆ, ಮುಂದಿನ ಕೈಲ್‌ಪೋಳ್ದ್‌ವರೆಗೆ ಹಂದಿಮಾಂಸವನ್ನು ಮುಟ್ಟೆನು!"

ನೆರೆದವರು ಬೆಚ್ಚಿದರು. ಹೆಂಡ ಬಿಡುತ್ತೇನೆಂದವರನ್ನು ನಾಡು ಕಂಡಿತ್ತು, ಆಸ್ತಿ ಬಿಡುತ್ತೇನೆಂದವರನ್ನೂ ಕಂಡಿತ್ತು. ಇಂಥ ಭೀಷಣ ಪ್ರತಿಜ್ಞೆಯನ್ನು ಕೇಳಿರಲಿಲ್ಲ. ಆಡಿದ ಮರುಕ್ಷಣವೇ ಕುಟ್ಟಯ್ಯನ ಎದೆಯೂ ಧಸಕ್ಕೆಂದಿತು, ಏಕೆಂದರೆ ಅಡುಗೆಮನೆಯಿಂದ ಪಂದಿಕರಿಯ ಮಸಾಲೆ ಹುರಿದ ಘಮ ಆಗತಾನೇ ಹೊರಬಂದಿತ್ತು. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ವೀರನು ಕೋವಿಯ ಬಾಯಿಂದ ಹೂವು ತೆಗೆದು ಕಣ್ಣಿಗೊತ್ತಿಕೊಂಡು, ಕುಲದೇವರನ್ನು ನೆನೆದು, ಉಸಿರು ಹಿಡಿದು, ಕುದುರೆ ಎಳೆದನು. ಪ್ರಳಯಕಾಲದ ಗುಡುಗು ಮೊಳಗಿತೆಂದು ಬರೆಯುವ ಆಸೆ ನನಗೂ ಉಂಟು. ನಿಜಕ್ಕೂ ಹಪ್ಪಳ ಮುರಿದಷ್ಟೇ ಸದ್ದಾಯಿತು. ಆದರೆ ಕಾಯಿ ಸೀಳಿತು, ಕಾಯಿನೀರು ಸುರಿಯಿತು, ಜನ ಹೋ ಎಂದರು. ಕುಟ್ಟಯ್ಯನಿಗೆ ಕಣ್ಣು ತುಂಬಿ ಬಂತು. ಆ ಗಳಿಗೆಯಲ್ಲಿ ಅವನು ನಿಜವಾಗಿಯೂ ಸುಖಿ.

ಚಿಟ್ಟಿಯಪ್ಪನ ಗರ್ಜನೆ ಈಗ ಮಾಮೂಲಿ ದನಿಗಿಳಿಯಿತು. "ಆಯ್ತು ಭಾವ, ಪೂರ್ತಿ ಕೊಡ್ತೇನೆ. ಆದ್ರೆ ಹಳೇ ನಳಿಗೆಯೂ ಜೊತೆಗೆ ಬರ್ಬೇಕು. ಅಸಲಿ ನಂಬರು ಇರುದು ಅದ್ರಲ್ಲಿ. ನಾಳೆ ನಾನು ಮಾರುದಾದ್ರೆ ಕೇಳುವವ್ರು ಮೊದ್ಲು ಕೇಳುದು ಅದನ್ನೇ."

"ಅಷ್ಟೇನಾ? ಅಟ್ಟದಲ್ಲಿ ಉಂಟು!" ಎಂದವನೇ ಕುಟ್ಟಯ್ಯನು ಸಾಗರ ಲಂಘಿಸುವವನ ಹುರುಪಿನಲ್ಲಿ ಏಣಿ ಹತ್ತಿದನು. ಸಿಕ್ಕಿದ್ದು ಖಾಲಿ ಗೋಣಿ. ತಲೆ ತುಂಬ ಜೇಡರಬಲೆ ಹೊತ್ತು ಇಳಿದು ನಿಂತಾಗ ಹೊತ್ತು ಜಾರುತ್ತಿತ್ತು. ಆಗ ಅಡುಗೆಮನೆಯಿಂದ ಒಂದು ನಾದ ಕೇಳಿಸಿತು. ಫೂ... ಫೂ...

ಇಬ್ಬರು ವೀರರೂ ಬಾಗಿಲಿಗೆ ನುಗ್ಗಿದರು. ಹಸಿ ಸೌದೆಯ ಹೊಗೆಯ ನಡುವೆ ದೇಚಮ್ಮ ಕುಳಿತು, ಒಂದು ಕಬ್ಬಿಣದ ಕೊಳವೆಯಿಂದ ಒಲೆ ಊದುತ್ತಿದ್ದಳು.

"ದೇಚಾ! ಅದು ಎಂತದು?"

"ಎಂತದು ಅಂದ್ರೆ? ಊದುಗೊಳವೆ. ಬಿದಿರಿಂದು ಸುಟ್ಟುಹೋಗ್ತದೆ, ಇದು ಸುಡುದಿಲ್ಲ. ಅಟ್ಟದಲ್ಲಿ ಸುಮ್ನೆ ಬಿದ್ದಿತ್ತು. ಉದ್ದ ಜಾಸ್ತಿ ಆಯ್ತು ಅಂತ ಕೊಲ್ಲನ ಹತ್ರ ಎರಡು ತುಂಡು ಮಾಡಿಸಿದೆ."

ಕುಟ್ಟಯ್ಯನು ಅದನ್ನು ಕಸಿದು, ಮಸಿ ಒರೆಸಿ, ಬೆಳಕಿಗೆ ಹಿಡಿದನು. ನಂಬರಿರಲಿಲ್ಲ. "ಇನ್ನೊಂದು ತುಂಡು ಎಲ್ಲಿ ಮಾರಾಯ್ತಿ?"

ದೇಚಮ್ಮ ಅಣ್ಣನತ್ತ ಕೈ ತೋರಿಸಿದಳು. "ಇವನ ಮನೇಲಿ. ಅತ್ತಿಗೆ ಕೇಳಿದ್ರು, ಕೊಟ್ಟೆ. ಅದ್ರಲ್ಲಿ ಊದಿ ಬೇಯಿಸಿದ್ದನ್ನೇ ಇವ ದಿನಾ ತಿನ್ನುದು. ಕೋವಿಗೆ ಹೂವಿಡುವ ನೀವಿಬ್ರೂ ಒಂದು ದಿನ ಅಡುಗೆಮನೆಗೆ ಕಾಲಿಟ್ಟಿದ್ರೆ ಕಾಣ್ತಿತ್ತು. ಕೊಡಿ ಇಲ್ಲಿ, ಬೆಂಕಿ ಆರ್ತದೆ."

ವೀರನು ಊದುಗೊಳವೆಯನ್ನು ಮರಳಿ ಒಪ್ಪಿಸಿದನು. ಮೊದಲು ಚೇತರಿಸಿಕೊಂಡವನು ಚೌಕಾಸಿಚಕ್ರವರ್ತಿಯೇ. "ಅಲ್ಲ ಭಾವ, ಅಸಲಿ ನಳಿಗೆಯ ಅರ್ಧ ಈಗಾಗ್ಲೇ ನಂದೇ ಆಯ್ತಲ್ಲ. ಹಾಗಾದ್ರೆ ಇನ್ನೂ ಸ್ವಲ್ಪ ಕಮ್ಮಿ ಮಾಡು."

ಕುಟ್ಟಯ್ಯನು ಬಾಯಿ ತೆರೆಯುವಷ್ಟರಲ್ಲಿ ಸೂರ್ಯ ಮುಳುಗಿದನು.

ಊಟಕ್ಕೆ ಎಲ್ಲರೂ ಕುಳಿತರು. ಚಿಟ್ಟಿಯಪ್ಪನು ಪಂದಿಕರಿಯನ್ನು ಮತ್ತೆ ಮತ್ತೆ ಬಡಿಸಿಕೊಂಡು, ಬೆಂದ ಹದವನ್ನು ಹೊಗಳಿದನು. ಮಹಾವೀರನ ತಟ್ಟೆಯಲ್ಲಿ ಬರಿಯ ಅಕ್ಕಿತರಿಯ ಕಡಂಬುಟ್ಟುಗಳೂ ಒಂದಿಷ್ಟು ಕುಂಬಳಕಾಯಿ ಪಲ್ಯವೂ ಇದ್ದವು. ಅವನು ಒಂದು ಉಂಡೆ ಮುರಿದನು, ನುಂಗಲಾರದೆ ನೀರು ಕುಡಿದನು.

"ದೇಚಾ," ಎಂದನು ಮೆಲ್ಲಗೆ, "ನಾನು ಮುಟ್ಟುದಿಲ್ಲ ಅಂದದ್ದು ಮಾಂಸ. ಸಾರಿನ ವಿಷಯ ಎಂತಾದ್ರೂ ಹೇಳಿದ್ದೆನಾ?"

"ಇಲ್ಲಪ್ಪ, ಸಾರಿನ ವಿಷಯ ಬರ್ಲಿಲ್ಲ," ಎಂದು ದೇಚಮ್ಮ ಸೌಟಿನಿಂದ ತುಂಡುಗಳನ್ನು ಒತ್ತರಿಸಿ ಸಾರು ಬಗ್ಗಿಸಿದಳು. ಒಂದು ತುಂಡು ಜಾರಿ ತಟ್ಟೆಗೆ ಬಿತ್ತು. ನಾರಿಕೇಳಕುಲಾಂತಕನು ಅತ್ತಿತ್ತ ನೋಡಿ, ಅದನ್ನು ಕಡಂಬುಟ್ಟಿನ ಕೆಳಗೆ ಬಚ್ಚಿಟ್ಟನು.